‘ಹುಳ ಮುಟ್ಟೈತ್ರಿ’ ಅಂದಾಗ ನಾನು ಬರೆದುಕೊಂಡಿದ್ದು

ಹುಬ್ಬಳ್ಳಿಯಲ್ಲಿ ಕ್ಯಾಶುವಾಲ್ಟಿಗೂ ಐಸಿಯುಗೂ ಓಡಾಡುತ್ತಾ ನನಗೆ ವರ್ಷಗಳೇ ಕಳೆದಿವೆ. ಜೊತೆಗೆ ರಿಸರ್ಚ್ ಕೂಡ ಮಾಡುತ್ತೇನೆ ಅಂದರೆ ಮನೆಯವರು ಈಗಲೂ ಇಲಿ, ಮೈಕ್ರೋಸ್ಕೋಪು ಅಂದುಕೊಳ್ಳುತ್ತಾರೆ. ನನ್ನ ಕೆಲಸ ಶುರುವಾಗಿದ್ದು ಹಳೆ ಕೇಸ್ ಪೇಪರ್‌ಗಳ ಧೂಳಿನಲ್ಲಿ.

ಮಳೆಗಾಲ ಬಂತೆಂದರೆ ಕಲಘಟಗಿ, ಕುಂದಗೋಳ, ಶಿಗ್ಗಾವಿ, ಲಕ್ಷ್ಮೇಶ್ವರದ ಕಡೆಯಿಂದ ಹಾವು ಕಡಿದವರು ಬರುತ್ತಾರೆ. ಕಳೆ ತೆಗೆಯುವಾಗಲೋ ಬಣವೆಯಿಂದ ಮೇವು ಎಳೆಯುವಾಗಲೋ ಕಚ್ಚಿಸಿಕೊಂಡವರು. ಕರೆತಂದವರು ಬಾಗಿಲಲ್ಲೇ ಹೇಳುತ್ತಾರೆ, “ಸಾಹೇಬ್ರ, ಹುಳ ಮುಟ್ಟೈತ್ರಿ.” ಹಾವಿನ ಹೆಸರು ಬಾಯಲ್ಲಿ ತರುವುದಿಲ್ಲ. ನಾನು ಹಾವೇರಿ ಕಡೆಯವನು, ನನಗೆ ಗೊತ್ತು.

ಮೊದಲ ಅಧ್ಯಯನಕ್ಕೆ ಹಳೆ ಕೇಸ್ ಎಣಿಸಲು ರೆಕಾರ್ಡ್ ರೂಮಿಗೆ ಹೋದೆ. ನಾನು ಕಣ್ಣಾರೆ ಕಂಡಿದ್ದಕ್ಕಿಂತ ಸಂಖ್ಯೆ ತೀರಾ ಕಡಿಮೆ! ಎರಡು ವಾರ ರಿಜಿಸ್ಟರ್ ತಿರುವಿದ ಮೇಲೆ ತಿಳಿಯಿತು, ಬೇರೆ ರಾಜ್ಯದಿಂದ ಪಿಜಿ (ಸ್ನಾತಕೋತ್ತರ ವೈದ್ಯಕೀಯ) ಓದಲು ಬಂದ ಹುಡುಗರು ‘ಹುಳ’ವನ್ನು ‘ಕೀಟ ಕಡಿತ’ ಅಂತ ಬರೆದಿಟ್ಟಿದ್ದರು. ಅದೇ ಹಾಳೆಯ ಕೆಳಗೆ ಹತ್ತು ವಯಲ್ ಆ್ಯಂಟಿವೆನಮ್, ಅಂದರೆ ಹಾವಿನ ವಿಷಕ್ಕೆ ಕೊಡುವ ಔಷಧ! ಜೇನು ಕಡಿದರೆ ಯಾರಾದರೂ ಅದನ್ನು ಕೊಡುತ್ತಾರಾ? ಅವತ್ತಿನಿಂದ ನಾನು ರೋಗದ ಹೆಸರು ನೋಡಿ ಎಣಿಸುವುದಿಲ್ಲ, ಫಾರ್ಮಸಿಯ ಆ್ಯಂಟಿವೆನಮ್ ಪುಸ್ತಕವನ್ನೂ ಪಕ್ಕದಲ್ಲಿಟ್ಟುಕೊಂಡು ಎಣಿಸುತ್ತೇನೆ. ದೇಶದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸಾಯುತ್ತಾರೆ ಅಂತ 2020ರಲ್ಲಿ ಬಂದ ಅಂದಾಜು ಕೂಡ ಮುಖ್ಯವಾಗಿ ಮನೆಮನೆಗೆ ಹೋಗಿ ಕೇಳಿದ್ದರಿಂದಲೇ ಸಿಕ್ಕಿದ್ದು. ಬರೀ ಆಸ್ಪತ್ರೆ ಲೆಕ್ಕ ನಂಬಿದ್ದರೆ ಅಷ್ಟು ಸಿಗುತ್ತಿರಲಿಲ್ಲ.

ಇನ್ನು ನನ್ನ ತಪ್ಪಿನ ಕಥೆ. ಕೊಳಕುಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಅದನ್ನು ನೋಡಲು ದೊಡ್ಡ ಮಷೀನ್ ಬೇಡ. ಒಣಗಿದ, ಸ್ವಚ್ಛವಾದ ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಒಮ್ಮೆ ಓರೆ ಮಾಡಿ ನೋಡಿದರೆ ಸಾಕು. ಹರಿದರೆ ವಿಷ ಏರಿದೆ ಅಂತ ಅರ್ಥ. ಒಂದು ಮಳೆಗಾಲ ಪೂರ್ತಿ ಈ ಟೆಸ್ಟಿನ ಲೆಕ್ಕ ಬರೆದೆ. ಆಗ ಒಬ್ಬ ಹುಡುಗ ಬಂದ. ಕಾಲಿಗೆ ಬಾವಿಲ್ಲ, ನೋವಿಲ್ಲ, ಒಸಡಲ್ಲಿ ರಕ್ತವಿಲ್ಲ, ಬಿಸ್ಕಿಟ್ ತಿನ್ನುತ್ತಾ ಕೂತಿದ್ದಾನೆ. ಟ್ಯೂಬಿನಲ್ಲಿ ಮಾತ್ರ ರಕ್ತ ನೀರಿನ ಹಾಗೆ ಹರಿಯಿತು. ನನಗೇಕೋ ಸಮಾಧಾನವಾಗಲಿಲ್ಲ. ಸಿಸ್ಟರ್‌ಗೆ ಹೇಳಿ ನನ್ನದೇ ರಕ್ತ ತೆಗೆಸಿ, ಅದೇ ಟ್ರೇಯ ಇನ್ನೊಂದು ಟ್ಯೂಬಿಗೆ ಹಾಕಿಟ್ಟೆ. 20 ನಿಮಿಷದ ಮೇಲೆ ಓರೆ ಮಾಡಿದರೆ ಅದೂ ಹರಿಯಿತು. ನನಗಂತೂ ಯಾವ ಹಾವೂ ಕಚ್ಚಿರಲಿಲ್ಲ!

ಟ್ಯೂಬುಗಳನ್ನು ಸೋಪಿನ ಪುಡಿ ಹಾಕಿ ತೊಳೆದು ಮತ್ತೆ ಮತ್ತೆ ಬಳಸುತ್ತಿದ್ದರು. ಸೋಪಿನ ಅಂಶ ಉಳಿದ ಗಾಜಿನಲ್ಲಿ ಒಳ್ಳೆ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ಪ್ಲಾಸ್ಟಿಕ್ ಟ್ಯೂಬೂ ಹಾಗೆಯೇ, ನಂಬುವಂತಿಲ್ಲ. ಪುಸ್ತಕದಲ್ಲಿ ಇದನ್ನು ಓದಿದ್ದೆ, ಆದರೆ ತೊಳೆಯುವವರನ್ನು ಒಂದು ಮಾತು ಕೇಳಿರಲಿಲ್ಲ. ಆ ಮಳೆಗಾಲದ ಲೆಕ್ಕವೆಲ್ಲಾ ಹೋಯಿತು. ಅದಕ್ಕಿಂತ ಕಾಡಿದ್ದು ಬೇರೆ. ಆ್ಯಂಟಿವೆನಮ್ ಕುದುರೆಯಿಂದ ತಯಾರಾಗುವ ಔಷಧ, ಮೈಗೆ ಒಗ್ಗದಿದ್ದರೆ ತುರಿಕೆಯಿಂದ ಹಿಡಿದು ಬಿಪಿ ಬೀಳುವವರೆಗೂ ಆಗುತ್ತದೆ. ಬೇಡದವರಿಗೆ ಎಷ್ಟು ಸಲ ಕೊಟ್ಟೆವೋ ಏನೋ. ಈಗ ಹೊಸ ಟ್ಯೂಬಿನ ಡಬ್ಬಿ ನನ್ನ ಕಪಾಟಿನಲ್ಲಿದೆ. ಅನುಮಾನ ಬಂದಾಗ ಪಕ್ಕದಲ್ಲಿ ಆರೋಗ್ಯವಂತರ ರಕ್ತವೂ ಒಂದು ಟ್ಯೂಬಿನಲ್ಲಿರುತ್ತದೆ. ಬಹಳ ಸಲ ಅದು ಇಂಟರ್ನ್‌ಗಳದ್ದೇ, ಪಾಪ.

ರೋಗಿಯನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳಲು ಪಡೆಯುವ ಒಪ್ಪಿಗೆ ಪತ್ರದ ವಿಷಯ ಸುಮ್ನೆ ಎರಡು ಮಾತು. ರಾತ್ರಿ ಎರಡಕ್ಕೆ ಮಗನನ್ನು ಹೊತ್ತು ತಂದ ಅಪ್ಪನ ಮುಂದೆ ಫಾರಂ ಹಿಡಿದರೆ ಅವನು ಏನು ಓದಿಯಾನು? ಹೆಬ್ಬೆಟ್ಟು ಒತ್ತಿಬಿಡುತ್ತಾನೆ ಅಷ್ಟೇ. ಅದಕ್ಕೇ ಎಥಿಕ್ಸ್ ಕಮಿಟಿಯ ಅನುಮತಿ ಪಡೆದು ಮೊದಲು ಚಿಕಿತ್ಸೆ ಮುಗಿಸುತ್ತೇವೆ, ಮಾರನೇ ದಿನ ಚಹಾ ಕುಡಿಸಿ ಕೇಳುತ್ತೇವೆ. ಬೇಡ ಅಂದವರ ಹಾಳೆ ಹರಿದು ಹಾಕುತ್ತೇವೆ.

ಈಗ ನೋಡುತ್ತಿರುವುದು ಕಚ್ಚಿದಾಗಿನಿಂದ ಮೊದಲ ಡೋಸ್‌ವರೆಗೆ ಎಷ್ಟು ಹೊತ್ತಾಗುತ್ತದೆ ಅಂತ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತದ ಪ್ರತಿ ಕೇಸನ್ನೂ ವರದಿ ಮಾಡಲೇಬೇಕು ಅಂದ ಮೇಲೆ ಫಾರಂಗಳೇನೋ ಜಾಸ್ತಿಯಾಗಿವೆ, ಆದರೆ “ಎಷ್ಟು ಗಂಟೆಗೆ ಕಚ್ಚಿತು?” ಅಂದರೆ ನಮ್ಮ ಜನ ಗಂಟೆ ಹೇಳಬೇಕಲ್ಲ. “ದನ ಮನಿಗೆ ಬರೂ ಹೊತ್ತಿಗ್ರಿ” ಅನ್ನುತ್ತಾರೆ, ಇಲ್ಲಾ “ಸಂಜಿ ಬಸ್ಸು ಹ್ವಾದ ಮ್ಯಾಲ.” ಹೀಗಾಗಿ ಕ್ಯಾಶುವಾಲ್ಟಿ ಗೋಡೆಗೆ ಸುತ್ತಲಿನ ಊರುಗಳ ಬಸ್ ಟೈಮಿನ ಹಾಳೆ ಅಂಟಿಸಿದ್ದೇವೆ. ಮೊನ್ನೆ ಒಬ್ಬ ಇಂಟರ್ನ್ ಅದನ್ನು ನೋಡಿ, “ಸರ್, ಇಲ್ಲಿ ರಿಸರ್ವೇಶನ್ನೂ ಮಾಡ್ತೀರಾ?” ಅಂದ.