ಒಂದು ರೂಪಾಯಿ ಟಿಕೆಟ್‌ನ ಹಿಂದಿನ ಲೆಕ್ಕ

‘ಅಗ್ಗದ ದರದ ವಿಮಾನ ಕಂಪನಿಯೊಂದಕ್ಕೆ ಮಾರುಕಟ್ಟೆ ತಂತ್ರ ರೂಪಿಸಿ’ ಎಂದು ಪ್ರಾಜೆಕ್ಟ್ ಕೊಟ್ಟರೆ ಬಿ.ಕಾಂ., ಬಿಬಿಎ ವಿದ್ಯಾರ್ಥಿಗಳು ಸಾಮಾನ್ಯವಾಗಿ ಉತ್ಪನ್ನ, ಬೆಲೆ, ಸ್ಥಳ, ಪ್ರಚಾರ ಎಂದು ನಾಲ್ಕು ತಲೆಬರಹ ಹಾಕಿ, ಒಂದೊಂದರ ಕೆಳಗೆ ನಾಲ್ಕು ಸಾಲು ತುಂಬಿಸಿ ಒಪ್ಪಿಸಿಬಿಡುತ್ತಾರೆ. 1960ರಲ್ಲಿ ಅಮೆರಿಕದ ಮಾರ್ಕೆಟಿಂಗ್ ಪ್ರಾಧ್ಯಾಪಕ ಜೆರೋಮ್ ಮೆಕಾರ್ಥಿ ಹಾಕಿಕೊಟ್ಟ ಈ ಚೌಕಟ್ಟಿನಲ್ಲಿ ದೋಷವೇನಿಲ್ಲ. ಸೇವಾ ಕ್ಷೇತ್ರಕ್ಕೆಂದು ಆಮೇಲೆ ಸೇರಿಸಿದ ಜನ, ಪ್ರಕ್ರಿಯೆ, ಭೌತಿಕ ಕುರುಹು (ಗ್ರಾಹಕನ ಕಣ್ಣಿಗೆ ಕಾಣುವ ವಸ್ತು, ಜಾಗ) ಎಂಬ ಮೂರೂ ಬೇಕಾದವೇ. ತಪ್ಪುವುದು ಕ್ರಮದಲ್ಲಿ. ಅಗ್ಗದ ವಿಮಾನ ಎಂದಕೂಡಲೇ ಕೈ ಬೆಲೆಯತ್ತ ಓಡುತ್ತದೆ. ಅದನ್ನು ಸ್ವಲ್ಪ ತಡೆಯಿರಿ. ಬೆಲೆ ನಾಲ್ಕನೆಯ ಹಂತದಲ್ಲಿ ಬರಲಿ.

ಹಂತ 1: ಯಾರ ಸೀಟು ಖಾಲಿ ಮಾಡಿಸುತ್ತೀರಿ?

ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಆರಂಭಿಸಿದಾಗ ಮೊದಲು ಹಾರಿಸಿದ್ದು ಬೆಂಗಳೂರು–ಹುಬ್ಬಳ್ಳಿ ನಡುವೆ, ಎಟಿಆರ್ ಎಂಬ ಪುಟ್ಟ ಪ್ರೊಪೆಲ್ಲರ್ ವಿಮಾನವನ್ನು. ಅವರ ಕಣ್ಣಿದ್ದದ್ದು ಬೇರೆ ವಿಮಾನಗಳ ಪ್ರಯಾಣಿಕರ ಮೇಲಲ್ಲ, ರೈಲಿನಲ್ಲಿ ಕುಳಿತವರ ಮೇಲೆ. ನಿಮ್ಮ ಯೋಜನೆಯ ಮೊದಲ ಪುಟದಲ್ಲೂ ಇಂಥ ಒಬ್ಬ ಪ್ರಯಾಣಿಕನ ಚಿತ್ರ ಇರಲಿ: ಆತ ಈಗ ಹೇಗೆ ಹೋಗುತ್ತಾನೆ, ಎಷ್ಟು ಕೊಡುತ್ತಾನೆ, ಮನೆಯಿಂದ ಮನೆಗೆ ಎಷ್ಟು ಗಂಟೆ. ‘ಮಧ್ಯಮ ವರ್ಗ’ ಎಂದು ಒಂದೇ ಪದದಲ್ಲಿ ಮುಗಿಸಬೇಡಿ.

ಮನೆಯಿಂದ ಮನೆಗೆ ಎಂಬುದಕ್ಕೆ ಒತ್ತು ಕೊಡಲು ಕಾರಣವಿದೆ. ಅಂದು ಬೆಂಗಳೂರಿನ ವಿಮಾನಗಳು ನಗರದೊಳಗಿನ ಎಚ್‌ಎಎಲ್ ನಿಲ್ದಾಣದಿಂದ ಏರುತ್ತಿದ್ದವು. 2008ರ ಮೇ ತಿಂಗಳಲ್ಲಿ ನಿಲ್ದಾಣ ಊರಾಚೆಯ ದೇವನಹಳ್ಳಿಗೆ ಹೋಯಿತು. ಜಯನಗರದವನು ಹುಬ್ಬಳ್ಳಿಗೆ ಹಾರಬೇಕಾದರೆ ಆಕಾಶದಲ್ಲಿ ಕಳೆಯುವುದಕ್ಕಿಂತ ಹೆಚ್ಚು ಹೊತ್ತನ್ನು ಹೆಬ್ಬಾಳದ ಆಸುಪಾಸಿನ ವಾಹನ ದಟ್ಟಣೆಯಲ್ಲಿ ಕಳೆಯಬೇಕಾದೀತು. 2023ರ ಜೂನ್‌ನಿಂದ ಬೆಂಗಳೂರಿನಿಂದ ಹುಬ್ಬಳ್ಳಿ ಮೂಲಕ ಧಾರವಾಡಕ್ಕೆ ವಂದೇ ಭಾರತ್ ರೈಲೂ ಇದೆ. ಅದೇ ಮಾರ್ಗ, ಅದೇ ಊರು. ಇಪ್ಪತ್ತು ವರ್ಷದಲ್ಲಿ ಲೆಕ್ಕ ಬೇರೆಯಾಗಿದೆ.

ಹಂತ 2: ಉತ್ಪನ್ನದಿಂದ ಕಳೆಯಿರಿ

ಊಟ, ಬಿಸಿನೆಸ್ ಕ್ಲಾಸ್, ಹಲವು ಬಗೆಯ ವಿಮಾನಗಳು, ಎಲ್ಲವನ್ನೂ ಹೊಡೆದುಹಾಕಿ. ವಿಮಾನ ಒಂದೇ ಬಗೆಯದ್ದಾದರೆ ಪೈಲಟ್ ತರಬೇತಿ, ಬಿಡಿಭಾಗ, ದುರಸ್ತಿ ಎಲ್ಲವೂ ಒಂದೇ. 2006ರ ಆಗಸ್ಟ್‌ನಲ್ಲಿ ಹಾರಾಟ ಆರಂಭಿಸಿದ ಇಂಡಿಗೊ ಅದಕ್ಕೆ ಒಂದು ವರ್ಷ ಮೊದಲೇ, ಒಂದೂ ವಿಮಾನ ಇಲ್ಲದಿದ್ದಾಗಲೇ, ಪ್ಯಾರಿಸ್ ವೈಮಾನಿಕ ಪ್ರದರ್ಶನದಲ್ಲಿ ನೂರು ಏರ್‌ಬಸ್ ಎ320ಗಳಿಗೆ ಬೇಡಿಕೆ ಸಲ್ಲಿಸಿತ್ತು. ಸಗಟು ವ್ಯಾಪಾರದ ಚೌಕಾಸಿ ನಮ್ಮ ಎಪಿಎಂಸಿಯಲ್ಲಿ ನಡೆದರೂ ಪ್ಯಾರಿಸ್‌ನಲ್ಲಿ ನಡೆದರೂ ಒಂದೇ.

ಹಂತ 3: ನೆಲದ ಮೇಲಿನ ನಿಮಿಷ ಎಣಿಸಿ

ಇಡೀ ಯೋಜನೆಯ ಜೀವ ಇಲ್ಲಿದೆ. ಅಮೆರಿಕದ ಟೆಕ್ಸಾಸ್‌ನಲ್ಲಿ 1971ರಲ್ಲಿ ಆರಂಭವಾದ ಸೌತ್‌ವೆಸ್ಟ್ ಕಂಪನಿ ಮರುವರ್ಷವೇ ಹಣದ ಮುಗ್ಗಟ್ಟಿನಿಂದ ತನ್ನ ನಾಲ್ಕು ವಿಮಾನಗಳಲ್ಲಿ ಒಂದನ್ನು ಮಾರಿತು. ವೇಳಾಪಟ್ಟಿ ಕಡಿತಗೊಳಿಸಲು ಮಾತ್ರ ಒಪ್ಪಲಿಲ್ಲ. ನಾಲ್ಕರ ಕೆಲಸವನ್ನು ಮೂರರಿಂದ ಮಾಡಿಸಬೇಕೆಂದರೆ, ಇಳಿದ ವಿಮಾನ ಹತ್ತೇ ನಿಮಿಷದಲ್ಲಿ ಮತ್ತೆ ಹೊರಡಬೇಕಿತ್ತು. ಹೊರಡಿಸಿದರು! ಬಡತನದಲ್ಲಿ ಕಲಿತ ಆ ಪಾಠ ಮುಂದೆ ಇಡೀ ಉದ್ಯಮದ ಪಠ್ಯವಾಯಿತು. ನಿಂತ ವಿಮಾನಕ್ಕೂ ಬಾಡಿಗೆ ಕಟ್ಟಬೇಕು, ಅದೂ ಬಹುಪಾಲು ಡಾಲರ್‌ನಲ್ಲಿ. ಇಂಡಿಗೊ ಮೆಟ್ಟಿಲಿನ ಬದಲು ಇಳಿಜಾರು ಹಾದಿ ತಂದದ್ದೂ ಇದೇ ಲೆಕ್ಕದಲ್ಲಿ ಕೂಡುತ್ತದೆ: ಗಾಲಿಕುರ್ಚಿಯವರಿಗೂ ಅನುಕೂಲ, ಚೀಲ ಎಳೆಯುವವರಿಗೂ ಅನುಕೂಲ, ಸಾಲೂ ಬೇಗ ಕರಗುತ್ತದೆ. ಪ್ರಕ್ರಿಯೆ, ಭೌತಿಕ ಕುರುಹು ಎಂದು ಪುಸ್ತಕ ಬೇರೆ ಬೇರೆ ಮಾಡುವುದು ಇಲ್ಲಿ ಒಂದೇ ವಸ್ತುವಿನಲ್ಲಿ ಸೇರಿದೆ.

ಹಂತ 4: ಈಗ ಬೆಲೆ

ವಿಮಾನದ ಸೀಟು ಸಂತೆಯ ಸೊಪ್ಪಿಗಿಂತ ಬೇಗ ಕೆಡುವ ಸರಕು. ಬಾಗಿಲು ಮುಚ್ಚಿದ ಕ್ಷಣದಲ್ಲಿ ಖಾಲಿ ಸೀಟಿನ ಬೆಲೆ ಸೊನ್ನೆ. ಹಾಗೆಂದು ಎಲ್ಲವನ್ನೂ ಅಗ್ಗಕ್ಕೆ ಕೊಡುವಂತಿಲ್ಲ.

ಒಂದು ಕಲ್ಪಿತ ಲೆಕ್ಕ ಮಾಡೋಣ. 72 ಸೀಟಿನ ಎಟಿಆರ್. ಒಂದು ಹಾರಾಟದ ವೆಚ್ಚ 1,80,000 ರೂಪಾಯಿ ಎಂದುಕೊಳ್ಳಿ. ಎಲ್ಲ ಸೀಟಿಗೂ 2,500 ರೂಪಾಯಿ ಇಟ್ಟರೆ, ಒಂದೂ ಖಾಲಿ ಉಳಿಯದಿದ್ದರೆ ಮಾತ್ರ ಖರ್ಚು ಸರಿಹೋಗುತ್ತದೆ. 60 ಸೀಟು ಹೋದರೆ 30,000 ನಷ್ಟ. ಈಗ ಸೀಟುಗಳನ್ನು ಗುಂಪು ಮಾಡಿ: ಮೊದಲೇ ಕೊಳ್ಳುವ 20 ಜನರಿಗೆ 1,500, ನಂತರದ 25 ಜನರಿಗೆ 2,500, ಕೊನೆಯ ವಾರದ 15 ಜನರಿಗೆ 4,000, ನಾಳೆಯೇ ಹೋಗಬೇಕಾದ 6 ಜನರಿಗೆ 6,000. ಆರು ಸೀಟು ಖಾಲಿ ಉಳಿದರೂ 1,88,500 ಬರುತ್ತದೆ. ಮೊದಲು ಬಂದವನ ಅಗ್ಗದ ಟಿಕೆಟ್‌ಗೆ ಕೊನೆಗೆ ಬಂದವನು ಹಣ ಕಟ್ಟಿದ್ದಾನೆ. ಪಕ್ಕದಲ್ಲಿ ಕುಳಿತವರ ಹತ್ತಿರ ದರ ಕೇಳಬಾರದು ಎನ್ನುವುದು ಇದಕ್ಕೇ.

ಏರ್ ಡೆಕ್ಕನ್ನಿನ ಒಂದು ರೂಪಾಯಿ ಟಿಕೆಟ್ ಈ ಏಣಿಯ ಅತಿ ಕೆಳಗಿನ ಮೆಟ್ಟಿಲು. ಅಂಥ ಸೀಟುಗಳು ಕೆಲವೇ, ಮೇಲೆ ತೆರಿಗೆ, ಶುಲ್ಕ ಬೇರೆ. ಆದರೆ ಅದರ ಸುದ್ದಿ ಊರೆಲ್ಲ ಹರಡಿತು. ಅದನ್ನು ಬೆಲೆಯ ಮನೆಯಲ್ಲಲ್ಲ, ಪ್ರಚಾರದ ಮನೆಯಲ್ಲಿ ಬರೆಯಬೇಕೆಂಬುದು ನನ್ನ ವಾದ. ಸೀಟು ಆಯ್ಕೆ, ಹೆಚ್ಚುವರಿ ಲಗೇಜು, ಚಹಾ ಇವುಗಳಿಂದ ಬರುವ ಪುಡಿಗಾಸಿಗೂ ಪ್ರತ್ಯೇಕ ಸಾಲು ಹಾಕಿ. ಗೊಣಗಾಟ ಹೆಚ್ಚು ಹುಟ್ಟುವುದು ಅಲ್ಲೇ; ಕೊನೆಯ ಪರದೆಯಲ್ಲಿ ಮೊತ್ತ ಏರಿದರೆ ಜನ ಮೋಸ ಎನ್ನುತ್ತಾರೆ.

ಹಂತ 5: ಸ್ಥಳ ಮತ್ತು ಪ್ರಚಾರ

ಕ್ರೆಡಿಟ್ ಕಾರ್ಡ್ ಕಂಡಿರದ ಗ್ರಾಹಕನಿಗೆ ಏರ್ ಡೆಕ್ಕನ್ ಪೆಟ್ರೋಲ್ ಬಂಕಿನಲ್ಲೂ ಟಿಕೆಟ್ ಮಾರಿತು. ಮೈಸೂರಿನವರಾದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ನನ್ನೇ ತನ್ನ ಗುರುತಾಗಿಸಿಕೊಂಡಿತು. ಯಾರಿಗೆ ಮಾರುತ್ತಿದ್ದೇವೆ ಎಂಬುದನ್ನು ಇಷ್ಟು ಕಡಿಮೆ ಗೆರೆಗಳಲ್ಲಿ ಹೇಳಿದ ಜಾಹೀರಾತು ನನಗೆ ಬೇರೆ ನೆನಪಾಗುವುದಿಲ್ಲ. ಬ್ರಿಟನ್ನಿನ ಈಸಿಜೆಟ್ ಇನ್ನೂ ನೇರ: 1995ರಲ್ಲಿ ಆರಂಭಿಸಿದಾಗ ಬುಕಿಂಗ್ ಫೋನ್ ನಂಬರನ್ನೇ ವಿಮಾನದ ಮೈಮೇಲೆ ದೊಡ್ಡದಾಗಿ ಬರೆಸಿತ್ತು. ಏಜೆಂಟರ ಕಮಿಷನ್ ಉಳಿಯಿತು, ವಿಮಾನವೇ ಫಲಕವಾಯಿತು. ಐರ್ಲೆಂಡಿನ ರಯಾನ್‌ಏರ್ ಶುಲ್ಕ ಉಳಿಸಲು ದೂರದ ನಿಲ್ದಾಣಗಳನ್ನು ಹಿಡಿಯಿತು; ಫ್ರಾಂಕ್‌ಫರ್ಟ್-ಹಾನ್ ಎಂಬ ನಿಲ್ದಾಣ ಫ್ರಾಂಕ್‌ಫರ್ಟ್ ನಗರದಿಂದ ನೂರು ಕಿಲೊಮೀಟರಿಗೂ ಹೆಚ್ಚು ಆಚೆಗಿದೆ. ನಮ್ಮಲ್ಲಿ ಇದನ್ನು ನಕಲು ಮಾಡುವ ಮೊದಲು ಹಂತ 1ಕ್ಕೆ ಹಿಂತಿರುಗಿ ನೋಡಿ.

ಹಂತ 6: ಯೋಜನೆಯನ್ನು ಕೆಡಿಸಿ ನೋಡಿ

ಸ್ಥಳ, ಪ್ರಚಾರಗಳಲ್ಲಿ ಏರ್ ಡೆಕ್ಕನ್‌ಗೆ ನೂರಕ್ಕೆ ನೂರು ಕೊಡಬಹುದು. ಆದರೆ ಎರಡನೆಯ, ಮೂರನೆಯ ಹಂತಗಳು ಅದನ್ನು ಕಾಡಿದವು: ವಿಳಂಬ, ರದ್ದತಿ, ಎರಡೆರಡು ಬಗೆಯ ವಿಮಾನಗಳು, ಬೆಳೆಯುವ ನಷ್ಟ. 2007ರಲ್ಲಿ ವಿಜಯ್ ಮಲ್ಯ ಅವರ ಗುಂಪು ಅದರ ಶೇ 26ರಷ್ಟು ಪಾಲು ಕೊಂಡಿತು. ಮರುವರ್ಷ ಹೆಸರೂ ಕಿಂಗ್‌ಫಿಷರ್ ರೆಡ್ ಎಂದಾಯಿತು. ಸಮಯಪಾಲನೆಯನ್ನೇ ಜಾಹೀರಾತು ಮಾಡಿಕೊಂಡಿದ್ದ ಇಂಡಿಗೊ ಕೂಡ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಗಳ ಬೆನ್ನಲ್ಲೇ 2025ರ ಡಿಸೆಂಬರ್‌ನಲ್ಲಿ ಅಪಾರ ಸಂಖ್ಯೆಯ ಹಾರಾಟಗಳನ್ನು ರದ್ದುಪಡಿಸಬೇಕಾಯಿತು.

ಹಾಗಾಗಿ ಕೊನೆಯ ಪುಟಕ್ಕೆ ಒಂದು ಬೆಳಗ್ಗೆಯ ಚಿತ್ರ ಬರೆಯಿರಿ. ಆರು ಗಂಟೆಯ ವಿಮಾನ ಮಂಜಿನಿಂದ ಎರಡು ಗಂಟೆ ತಡವಾಗಿದೆ. ಅದೇ ವಿಮಾನ ಆ ದಿನ ಇನ್ನೂ ಐದು ಬಾರಿ ಹಾರಬೇಕು. ಯಾವ ಹಾರಾಟ ಬಿಡುತ್ತೀರಿ, ಬದಲಿ ಸಿಬ್ಬಂದಿ ಎಲ್ಲಿದ್ದಾರೆ, ಪ್ರಯಾಣಿಕನ ಮೊಬೈಲ್‌ಗೆ ಎಷ್ಟು ಹೊತ್ತಿಗೆ, ಯಾವ ಭಾಷೆಯಲ್ಲಿ ಸಂದೇಶ ಹೋಗುತ್ತದೆ, ಕೌಂಟರಿನಲ್ಲಿ ನಿಂತ ಹುಡುಗಿಗೆ ಊಟದ ಕೂಪನ್ ಕೊಡುವ ಅಧಿಕಾರ ಇದೆಯೇ ಇಲ್ಲವೇ ಎಂಬುದನ್ನು ಅಲ್ಲಿ ತುಂಬಿಸಿ.