318ರ ಬಾಕಿ, 381ರ ಜಮೆ: ಘರಪಟ್ಟಿ ನೋಟಿಸು ಬಿಡಿಸಿದ ನನ್ನ ಅನುಭವ

ನಮ್ಮ ಮನೆಯ ಘರಪಟ್ಟಿ, ಅಂದರೆ ಮನೆ ತೆರಿಗೆಯ ಮೂವತ್ತಮೂರು ಸಾವಿರದ ಬಾಕಿ ಹತ್ತು ಸಾವಿರದ ಒಂಬೈನೂರ ಇಪ್ಪತ್ತಕ್ಕೆ ಇಳಿಯಿತು. ‘ಸುಮ್ನೆ ಕಟ್ಟಿ ಮುಗ್ಸು ಮಾರಾಯ, ಕೋರ್ಟಿನ ಸಾವಾಸ ಬ್ಯಾಡ’ ಎಂದಿದ್ದವರೇ ಈಗ ತಮ್ಮ ನೋಟಿಸು ಹಿಡಿದುಕೊಂಡು ನನ್ನ ಅಂಗಡಿಗೆ ಬರುತ್ತಿದ್ದಾರೆ. ಆಮೇಲೆ ಇಂಥವೇ ಏಳೆಂಟು ಪ್ರಕರಣ ಬಿಡಿಸಿಕೊಟ್ಟಿದ್ದೇನೆ. ಒಬ್ಬೊಬ್ಬರಿಗೂ ಮೊದಲಿಂದ ಹೇಳುವ ಬದಲು ಒಮ್ಮೆ ಬರೆದಿಡೋಣ ಎನ್ನಿಸಿತು. ನನ್ನ ಹಾಗೆ ಝೆರಾಕ್ಸ್ ಮೆಷಿನ್ ಇಟ್ಟುಕೊಂಡು ಅರ್ಜಿ ತುಂಬುವವರಿಗೂ, ಮುಂಬೈ-ಬೆಂಗಳೂರಲ್ಲಿರುವ ಅಣ್ಣತಮ್ಮಂದಿರ ಪರವಾಗಿ ಊರಮನೆ ನೋಡಿಕೊಳ್ಳುವವರಿಗೂ ಇದು ಬೇಕಾದೀತು. ಸ್ವಯಂ ಘೋಷಣೆ ಫಾರ್ಮು, ತೆರಿಗೆ ಕಟ್ಟುವ ಚಲನ್, ಆಸ್ತಿಯ ಆನ್‌ಲೈನ್ ದಾಖಲೆಯಾದ ಇ-ಆಸ್ತಿ ಎಲ್ಲ ನಿಮಗೆ ಗೊತ್ತಿದ್ದದ್ದೇ. ಅದನ್ನು ಮತ್ತೆ ಹೇಳುವುದಿಲ್ಲ. ಊರಿನ ಹೆಸರನ್ನೂ ಬರೆಯುವುದಿಲ್ಲ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ನಮ್ಮದೂ ಒಂದು ಊರು, ತೆರಿಗೆ ವಸೂಲಿ ಮಾಡುವ ಕಚೇರಿಯವರ ಜೊತೆ ನನಗೆ ನಾಳೆಯೂ ಕೆಲಸ ಇದೆ.

ನೋಟಿಸು ಬಂದದ್ದು 2022ರ ಡಿಸೆಂಬರಿನಲ್ಲಿ. ಕೋರ್ಟಿನ ಮೊಹರು, ಹಾಜರಾಗಬೇಕಾದ ತಾರೀಕು, ಕೆಳಗೆ ಬಾಕಿ ಮೊತ್ತ 33 ಸಾವಿರದ ನೂರು ಚಿಲ್ಲರೆ. ಹೆಸರು ಮಾತ್ರ ಅಪ್ಪನದು. ಅಪ್ಪ ತೀರಿಕೊಂಡದ್ದು 2016ರಲ್ಲಿ. ಪೋಸ್ಟಿನವ ಓಣಿಯಲ್ಲೇ ‘ಸಮನ್ಸ್ ಬಂದದೆ’ ಎಂದು ಹೇಳಿಬಿಟ್ಟಿದ್ದ. ಮುಂಬೈಯಲ್ಲಿ ಅಣ್ಣನ ಮನೆಯಲ್ಲಿದ್ದ ಆಯಿಗೆ, ಅಂದರೆ ಅಮ್ಮನಿಗೆ, ಆ ಸುದ್ದಿ ನನಗಿಂತ ಮೊದಲು ಮುಟ್ಟಿತ್ತು. ‘ಅಪ್ಪಯ್ಯನ ಹೆಸರು ಕೋರ್ಟಿಗೆ ಹೋಯ್ತಲ್ಲೋ’ ಎಂದು ಫೋನಿನಲ್ಲಿ ಅತ್ತಳು. ಊರೆಲ್ಲರ ತೆರಿಗೆ ಅರ್ಜಿ ತುಂಬುವ ನಾನು ನಮ್ಮ ಮನೆಯದನ್ನು ಬಿಟ್ಟಿದ್ದೆನಲ್ಲ ಎಂದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಗಿದ್ದು ಇಷ್ಟೇ: 2019ರವರೆಗೆ ಆಯಿ ಕಟ್ಟುತ್ತಿದ್ದಳು, ಮರುವರ್ಷ ಕೊರೋನಾ ಬಂತು, ಅಣ್ಣ ಅವಳನ್ನು ಕರಕೊಂಡು ಹೋದ. ಅಲ್ಲಿಂದ ಅಣ್ಣ ಆನ್‌ಲೈನಿನಲ್ಲಿ ಕಟ್ಟುತ್ತಾನೆಂದು ನಾನು ತಿಳಿದಿದ್ದೆ, ನಾನು ಕಟ್ಟುತ್ತೇನೆಂದು ಅವನು ತಿಳಿದಿದ್ದ.

ಬೆಳಿಗ್ಗೆ ಎದ್ದು ಕಾಗದ ಸರಿಯಾಗಿ ಓದಿದೆ. ಮೇಲ್ಗಡೆ ಬರೆದದ್ದು ‘ವ್ಯಾಜ್ಯಪೂರ್ವ ಪ್ರಕರಣ’. ಅಂದರೆ ದಾವೆ ಇನ್ನೂ ಹೂಡಿಲ್ಲ. ತಾಲೂಕು ಕಾನೂನು ಸೇವಾ ಸಮಿತಿ ಲೋಕ ಅದಾಲತ್ತಿಗೆ, ಅಂದರೆ ರಾಜಿ ಮಾಡಿಸುವ ಕಲಾಪಕ್ಕೆ, ಕರೆದಿದೆ. ನಿಮಗೆ ಬರುವ ಹತ್ತರಲ್ಲಿ ಒಂಬತ್ತು ‘ಸಮನ್ಸ್’ ಇದೇ ಆಗಿರುತ್ತದೆ, ಆ ಒಂದು ಸಾಲು ಮೊದಲು ನೋಡಿ. ಸತ್ತವರ ಹೆಸರಿಗೆ ಬಂದ ನೋಟಿಸು ನಡೆಯುವುದಿಲ್ಲ, ಹರಿದು ಒಗೆ ಎಂದು ಇಬ್ಬರು ಹೇಳಿದರು. ಅದು ತಪ್ಪು. ಮನೆಯ ಕರದ ಬಾಕಿ ಮನೆಯ ಮೇಲೆ ನಿಲ್ಲುತ್ತದೆ. ವಾರಸಾ ಮಾಡಿಸದೆ, ಅಂದರೆ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸದೆ, ಬಿಟ್ಟದ್ದು ನಮ್ಮ ತಪ್ಪು. ಹೋಗದಿದ್ದರೆ ಅಂದು ಏನೂ ಆಗುವುದಿಲ್ಲ ನಿಜ, ಆದರೆ ತಿಂಗಳಿಗೆ ಶೇ 2ರ ದಂಡ ನಿಲ್ಲುವುದಿಲ್ಲ, ಇ-ಖಾತೆ ಬೇಕಾದ ದಿನ ಅದೇ ಬಾಕಿ ಇನ್ನಷ್ಟು ಬೆಳೆದು ಎದುರು ನಿಲ್ಲುತ್ತದೆ.

ಮೊದಲ ಒಂದು ತಿಂಗಳು ನಾನು ಮಾಡಿದ್ದೆಲ್ಲ ವ್ಯರ್ಥ. ಕಚೇರಿಗೆ ಹೋಗಿ ಬಡ್ಡಿ ಮನ್ನಾ ಮಾಡಿ ಎಂದು ಕೇಳಿದೆ. ಸರ್ಕಾರದ ಆದೇಶವಿಲ್ಲದೆ ಒಂದು ರೂಪಾಯಿ ಬಿಡುವ ಅಧಿಕಾರ ನಮಗಿಲ್ಲ ಎಂದರು, ಅದು ಸರಿಯೇ. ವಕೀಲರೊಬ್ಬರಿಗೆ ಮೂರು ಸಾವಿರ ಕೊಟ್ಟೆ. ಅವರು ಅರ್ಧ ಕಟ್ಟಿ ಉಳಿದದ್ದಕ್ಕೆ ಕಂತು ಕೇಳು ಎಂದರು. ಕಚೇರಿಯ ಹೊರಗೆ ಕುಳಿತಿರುವವನೊಬ್ಬ ಐದು ಸಾವಿರಕ್ಕೆ ಎಲ್ಲ ಸರಿ ಮಾಡಿಸುತ್ತೇನೆಂದ, ಅವನಿಗೆ ಕೊಡಲಿಲ್ಲ. ಸಂಕ್ರಾಂತಿ ಮರುದಿನ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಹತ್ತು ರೂಪಾಯಿ ಶುಲ್ಕ, ಪುಟಕ್ಕೆ ಎರಡು ರೂಪಾಯಿ, ಖರ್ಚು ಏನಲ್ಲ, ಆದರೆ ಅವರಿಗೆ 30 ದಿನ ಅವಕಾಶ ಇದೆ. ಅದಾಲತ್ ಇದ್ದದ್ದು ಫೆಬ್ರವರಿಯ ಎರಡನೇ ಶನಿವಾರ. ಉತ್ತರ ಬಂದದ್ದು ಅದಾಲತ್ ಮುಗಿದ ಮೂರನೇ ದಿನ. ನೋಟಿಸು ಕೈಗೆ ಬಂದ ದಿನವೇ ಈ ಅರ್ಜಿ ಹಾಕಬೇಕಿತ್ತು.

ದಾರಿ ಸಿಕ್ಕಿದ್ದು ಕಾರವಾರದಲ್ಲಿ. ಬೇರೆ ಕೆಲಸಕ್ಕೆ ಹೋದವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿದೆ. ವಕೀಲರು ಬೇಕೆಂದಿಲ್ಲ, ಕೋರ್ಟ್ ಶುಲ್ಕ ಇಲ್ಲ, ಹೆಂಗಸರಿಗೆ ವರಮಾನ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಇದೆ, ಒಪ್ಪಿ ಸಹಿ ಹಾಕಿದರೆ ಮಾತ್ರ ಅದು ಕೋರ್ಟಿನ ಡಿಕ್ರಿಗೆ (ತೀರ್ಪಿಗೆ) ಸಮ, ಅದರ ಮೇಲೆ ಅಪೀಲು ಇಲ್ಲ. ಇಷ್ಟು ಹೇಳಿ ಅಲ್ಲಿದ್ದ ಅಮ್ಮನವರು, ‘ನಿಮ್ಮ ಬಾಕಿ ಲೆಕ್ಕ ಸರಿ ಉಂಟೋ, ಅದನ್ನ ನೋಡಿದ್ರಾ?’ ಎಂದು ಕೇಳಿದರು. ನಾನು ನೋಡಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅದೇ ತಲೆಯಲ್ಲಿ ತಿರುಗುತ್ತಿತ್ತು. ಮನ್ನಾ ಮಾಡುವ ಅಧಿಕಾರ ಕಚೇರಿಗೆ ಇಲ್ಲ. ತಪ್ಪು ಲೆಕ್ಕ ತಿದ್ದುವ ಅಧಿಕಾರ ಇದೆ. ಹಾಗಾದರೆ ನಾನು ಕೇಳಬೇಕಾದದ್ದು ಬೇರೆಯೇ.

ನಮ್ಮ ಮನೆಯ ತೆರಿಗೆ ಲೆಕ್ಕ ಇರುವ ಖಾತೆಯ ಹಾಳೆಯನ್ನು ಎರಡೇ ದಿನದಲ್ಲಿ ಹೇಗೆ ತೆಗೆಸಿಕೊಂಡೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಲಂಚ ಕೊಟ್ಟಿಲ್ಲ, ಅಷ್ಟು ನಂಬಿ.

ಹಾಳೆಯಲ್ಲಿ ಎರಡು ತಪ್ಪು ಕಂಡವು. ನಮ್ಮ ಮನೆಗೆ ವರ್ಷಕ್ಕೆ ಹೆಚ್ಚುಕಡಿಮೆ 2,600. ಮೂಲ ತೆರಿಗೆ ಎರಡು ಸಾವಿರದ ಅರವತ್ತರ ಹತ್ತಿರ, ಮೇಲೆ ಆರೋಗ್ಯ 15, ಗ್ರಂಥಾಲಯ 6, ಭಿಕ್ಷುಕರ 3, ನಗರ ಸಾರಿಗೆ 2 ಎಂದು ಶೇ 26 ಉಪಕರ. ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುತ್ತದೆ, ಲೆಕ್ಕ ಸುಲಭವಾಗಲಿ ಎಂದು ಒಂದೇ ಅಂಕಿ ಹಿಡಿದಿದ್ದೇನೆ. 2017-18ರ 2,600 ಬಾಕಿ ಎಂದೇ ಇಟ್ಟುಕೊಳ್ಳಿ. ದಂಡ ಶುರುವಾಗುವ ಜುಲೈಯಿಂದ ಮಾರ್ಚ್‌ವರೆಗೆ ಒಂಬತ್ತು ತಿಂಗಳು, ತಿಂಗಳಿಗೆ ಶೇ 2ರಂತೆ ಶೇ 18, ಅಂದರೆ 468. ಒಟ್ಟು 3,068. ಮರುವರ್ಷದ ಹಾಳೆಯಲ್ಲಿ ಈ 3,068 ಇಡಿಯಾಗಿ ‘ಹಿಂದಿನ ಬಾಕಿ’ ಆಗಿ ಕುಳಿತಿತ್ತು, ಅದಕ್ಕೆ ಶೇ 24ರಂತೆ 736 ಹಾಕಿದ್ದರು. 2,600ಕ್ಕಾದರೆ ಆಗಬೇಕಾದ್ದು 624. ಬಡ್ಡಿಯ ಮೇಲೆ ಬಡ್ಡಿ. ಮೊದಲ ವರ್ಷ ನೂರ ಹನ್ನೆರಡು ರೂಪಾಯಿ ಏನೂ ಅನ್ನಿಸುವುದಿಲ್ಲ, ಆರು ವರ್ಷಕ್ಕೆ ಅದು ಐದೂವರೆ ಸಾವಿರ ದಾಟಿತ್ತು. ಉಪಕರದ ಮೇಲೆ ದಂಡ ಬೇಡ ಎಂದೂ ಒಂದು ವಾದ ಹೂಡಿ ನೋಡಿದೆ. ಅದು ನಿಲ್ಲಲಿಲ್ಲ, ನೀವು ಅದರ ಹಿಂದೆ ಬೀಳಬೇಡಿ.

ಎರಡನೆಯ ತಪ್ಪು ದೊಡ್ಡದು. ಆಯಿ 2017, 18, 19ರಲ್ಲಿ ಮೇ ತಿಂಗಳಲ್ಲಿ ಬ್ಯಾಂಕಿಗೆ ಹೋಗಿ ಕಟ್ಟಿದ್ದು ಹಾಳೆಯಲ್ಲಿ ಎಲ್ಲೂ ಇಲ್ಲ. ಆಯಿ ಮಾತ್ರ ‘ಕಟ್ಟಿದ್ದೆ, ಚಲನ್ ಟ್ರಂಕಿನಾಗೆ ಉಂಟು’ ಎಂದು ಆಣೆ ಇಟ್ಟು ಹೇಳಿದಳು.

ಟ್ರಂಕು ಮಾಳಿಗೆಯ ಮೇಲಿತ್ತು. ಮೂರು ಮಳೆಗಾಲ ಬೀಗ ಹಾಕಿದ ಮನೆ. ಒಂದು ಮೂಲೆಗೆ ಒರಲೆ ಹತ್ತಿತ್ತು. ಉಳಿದ ಚಲನ್‌ಗಳೆಲ್ಲ ತೇವ ಹಿಡಿದು ಹಪ್ಪಳದ ಕಟ್ಟಿನ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸುವ ಪ್ರಯೋಗವನ್ನು ಅಪ್ಪನ ಕಾಲದ, ಬೇಡವಾದ ಚಲನ್‌ಗಳ ಮೇಲೆ ಮೊದಲು ಮಾಡಿದೆ. ಇಡ್ಲಿ ಪಾತ್ರೆಯ ಹಬೆಗೆ ಹಿಡಿದರೆ ಶಾಯಿ ಹರಡಿತು. ಇಸ್ತ್ರಿ ಇಟ್ಟರೆ ಕಾಗದ ಮುರಿಯಿತು. ಕೊನೆಗೆ ಕುಚ್ಚಲಕ್ಕಿಯನ್ನು ಬಾಣಲೆಯಲ್ಲಿ ಬಿಸಿ ಮಾಡಿ, ಪೂರ್ತಿ ಆರಿಸಿ, ಡಬ್ಬಿಯಲ್ಲಿ ಹಾಕಿ ನಡುವೆ ಕಟ್ಟು ಹುಗಿದು ಮುಚ್ಚಿಟ್ಟೆ. ನಾಲ್ಕನೇ ದಿನ ತೆಗೆದರೆ ಅಂಚಿನಿಂದ ತಾನಾಗಿ ಬಿಟ್ಟುಕೊಂಡಿತು.

ಬಿಟ್ಟುಕೊಂಡರೂ ಓದಲಾಗುತ್ತಿರಲಿಲ್ಲ. ಸಿಂಡಿಕೇಟ್ ಬ್ಯಾಂಕಿನ ಸೀಲು ಮಸುಕಾಗಿ ಕಾಣುತ್ತಿತ್ತು, ಕಾರ್ಬನ್ನಿನ ಅಕ್ಷರ ಹೆಚ್ಚುಕಡಿಮೆ ಮಾಯ. ಆ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಕೆನರಾದಲ್ಲಿ ಸೇರಿಹೋಗಿದೆ, ಆಯಿ ಕಟ್ಟಿದ್ದೂ ನಗದು, ಪಾಸ್‌ಬುಕ್ಕಿನಲ್ಲಿ ಏನೂ ಇಲ್ಲ. ರಾತ್ರಿ ದೀಪ ಆರಿಸಿ, ಚಲನ್ನನ್ನು ಮೇಜಿನ ಮೇಲೆ ಚಪ್ಪಟೆ ಇಟ್ಟು, ಟಾರ್ಚನ್ನು ಕಾಗದದ ಮಟ್ಟಕ್ಕೇ ತಂದು ಪಕ್ಕದಿಂದ ಬಿಟ್ಟೆ. ಪೆನ್ನು ಒತ್ತಿ ಬರೆದ ಗೀರಿನ ಒಂದು ದಡದಲ್ಲಿ ಬೆಳಕು, ಇನ್ನೊಂದರಲ್ಲಿ ನೆರಳು. ಆಸ್ತಿ ನಂಬರಿನ ಜಾಗದಲ್ಲಿ 3, 1, 8 ಒಂದೊಂದಾಗಿ ಎದ್ದು ನಿಂತವು. ಮೊಬೈಲಿನಲ್ಲಿ ಹದಿನೈದಿಪ್ಪತ್ತು ಫೋಟೊ ಹೊಡೆದೆ. ಟಾರ್ಚಿನ ದಿಕ್ಕು ಬದಲಿಸಿ ಬದಲಿಸಿ ಹೊಡೆಯಬೇಕು, ಒಂದೇ ದಿಕ್ಕಿನಲ್ಲಿ ಬಿಟ್ಟರೆ ಬೆಳಕಿನ ದಿಕ್ಕಿಗೇ ಇರುವ ಗೀರು ಕಾಣುವುದಿಲ್ಲ.

ಕಟ್ಟಿದ್ದು ನಮ್ಮ ಆಸ್ತಿ ನಂಬರು 318ಕ್ಕೇ. ಹಾಗಾದರೆ ಜಮೆ ಆದದ್ದು ಎಲ್ಲಿ? ಅಂಕಿ ಹಿಂದುಮುಂದಾದರೆ 381. ಅದು ನಮ್ಮ ಹಿತ್ತಲಿಗೆ ತಾಗಿದ ಅಕ್ಕೋರ (ಟೀಚರಮ್ಮನ) ಮನೆ.

ಇಲ್ಲಿ ಎಲ್ಲರೂ ನನ್ನನ್ನು ತಡೆದರು. ನಿನ್ನ ಲೆಕ್ಕ ಸರಿಯಾದರೆ ಅವರ ಮೇಲೆ ಬಾಕಿ ಬೀಳುತ್ತದೆ, ಅವರು ಯಾಕೆ ಬರ್ತಾರೆ, ನೆರೆಹೊರೆ ಹಾಳಾಗ್ತದೆ ಎಂದರು. ಅಣ್ಣ ಹಣ ಕಳಿಸುತ್ತೇನೆ, ಬಿಟ್ಟುಬಿಡು ಎಂದ. ನಾನು ನೋಟಿಸನ್ನೂ ಚಲನ್ನನ್ನೂ ಮನೆಯಲ್ಲೇ ಇಟ್ಟು, ಅವರಿಗೆ ಎಷ್ಟು ಬೀಳುತ್ತದೆ ಎಂಬ ಲೆಕ್ಕವನ್ನು ಮೊದಲು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. ವರ್ಷಕ್ಕೆ 1,900, ಮೂರು ವರ್ಷಕ್ಕೆ 5,700. ಅಕ್ಕೋರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ‘ತಮಾ, ನಾ ಮೂರು ವರ್ಷದಿಂದ ಕೇಳ್ತಾನೇ ಇದ್ದೆ. ಹೋದಾಗೆಲ್ಲ ನಿಮ್ದು ಬಾಕಿ ಇಲ್ಲ ಅಂತ್ರು. ಇಲ್ಲದ ಬಾಕಿ ಹ್ಯಾಂಗೆ ಕಟ್ಟೂದು?’ ಎಂದು ಒಳಗೆ ಹೋಗಿ ಫೈಲು ತಂದರು. ವರ್ಷವಾರು ರಸೀದಿ, ಪ್ರತಿಯೊಂದರ ಮೂಲೆಯಲ್ಲಿ ಕೆಂಪು ಶಾಯಿಯ ಸರಿ ಗುರುತು. ಪ್ರತಿ ಏಪ್ರಿಲ್‌ನಲ್ಲಿ ಶೇ 5ರ ರಿಯಾಯಿತಿ ಹಿಡಿದು 1,805 ಕಟ್ಟಿದ್ದರು. ಅವರ ಖಾತೆಯಲ್ಲಿ ಆ ಮೂರು ವರ್ಷ ಎರಡೆರಡು ಜಮೆ ಇತ್ತು: ಏಪ್ರಿಲ್‌ನಲ್ಲಿ 1,805, ಮೇನಲ್ಲಿ ನಮ್ಮ 2,600. ಹೆಚ್ಚಾದ 7,800 ಮುಂಗಡ ಎಂದು ಮುಂದೆ ಹೋಗಿ ಅವರ ಮುಂದಿನ ಮೂರು ವರ್ಷದ ತೆರಿಗೆಯನ್ನು ನುಂಗಿತ್ತು. ‘ಆಯಿ ದುಡ್ಡಿನಾಗೆ ನನ್ನ ತೆರಿಗೆ ಹೋಗೂದು ಬ್ಯಾಡ, ನಾನೂ ಬತ್ತೆ’ ಎಂದರು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಕೋರ್ಟು ಆವರಣದಲ್ಲಿ ಜನ ಜಾತ್ರೆಯ ಹಾಗೆ. ನ್ಯಾಯಾಧೀಶರು, ಪಕ್ಕದಲ್ಲಿ ಸಂಧಾನಕಾರ ವಕೀಲರು, ಎದುರಿಗೆ ಕಚೇರಿಯ ಸಿಬ್ಬಂದಿ. ನಮಗೆ ಸಿಕ್ಕಿದ್ದು ಏಳೆಂಟು ನಿಮಿಷ. ನಾನು ಬಡ್ಡಿ ಮನ್ನಾ ಎಂಬ ಮಾತನ್ನೇ ಎತ್ತಲಿಲ್ಲ. ಸ್ವಾಮಿ, ಬಾಕಿ ಕಟ್ಟಲು ಬಂದಿದ್ದೇನೆ, ಲೆಕ್ಕ ಮಾತ್ರ ಒಮ್ಮೆ ನೋಡಿ ಎಂದು ಒಂದೇ ಹಾಳೆ ಮುಂದಿಟ್ಟೆ. ಎಡಕ್ಕೆ 318, ಬಲಕ್ಕೆ 381, ನಡುವೆ ಟಾರ್ಚಿನ ಬೆಳಕಿನಲ್ಲಿ ತೆಗೆದ ಮೂರು ಫೋಟೊ. ಸಿಬ್ಬಂದಿ ಮೊದಲು ಒಪ್ಪಲಿಲ್ಲ, ಚಲನ್ ಓದಲಾಗುವುದಿಲ್ಲ ಎಂದರು. ಆಗ ಅಕ್ಕೋರು ಎದ್ದು ನಿಂತು, ‘ಏಪ್ರಿಲ್‌ದು ನಂದು, ಮೇದು ನಂದಲ್ಲ’ ಎಂದು ತಮ್ಮ ರಸೀದಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ತನ್ನ ಹೆಸರಿನ ಜಮೆಯನ್ನು ತಾನೇ ಬೇಡ ಎನ್ನುವವರ ಮಾತಿಗೆ ಯಾರು ಎದುರಾಡುತ್ತಾರೆ?

ಆಯಿ ಕಟ್ಟಿದ್ದ ಮೂರು ವರ್ಷದ ಬಾಕಿ ಬಿದ್ದುಹೋಯಿತು. ಉಳಿದ ಮೂರಕ್ಕೆ 7,800, ಒಂದೊಂದು ವರ್ಷದ ಬಾಕಿಗೆ ಫೆಬ್ರವರಿವರೆಗೆ 8, 20, 32 ತಿಂಗಳಂತೆ ಒಟ್ಟು ಅರವತ್ತು ತಿಂಗಳಿನ ದಂಡ ಬಡ್ಡಿಗೆ ಬಡ್ಡಿ ಇಲ್ಲದೆ 3,120. ಒಟ್ಟು 10,920. ಇದು ನಾವು ನಿಜವಾಗಿ ತಡಮಾಡಿದ್ದು, ಕಟ್ಟಲೇಬೇಕಾದದ್ದು. ಅಕ್ಕೋರದು ಕಚೇರಿಯ ಪುಸ್ತಕದಲ್ಲೇ ಬಾಕಿ ಇಲ್ಲ ಎಂದಿದ್ದರಿಂದ ದಂಡ ಇಲ್ಲದೆ ಬರಿ ತೆರಿಗೆ ತೆಗೆದುಕೊಂಡರು. ಸಹಿ ಹಾಕುವ ಮೊದಲು ರಾಜಿ ಪತ್ರದಲ್ಲಿ ಎರಡೂ ಆಸ್ತಿ ನಂಬರು, ಮೂರು ಚಲನ್ನಿನ ತಾರೀಕು ಬರೆಸಿದೆ. ಅದಕ್ಕೆ ಇಪ್ಪತ್ತು ನಿಮಿಷ ಹೆಚ್ಚು ಕಾದೆವು, ಆದರೂ ಬಿಡಲಿಲ್ಲ. ಬರಿ ಮೊತ್ತ ಬರೆದು ಸಹಿ ಹಾಕಿದವರ ಹಳೇ ಬಾಕಿ ಮರುವರ್ಷ ತಿರುಗಿ ಬಂದದ್ದನ್ನು ನನ್ನ ಅಂಗಡಿಯಲ್ಲೇ ನೋಡಿದ್ದೇನೆ. ವಕೀಲರ ಮೂರು ಸಾವಿರ, ಬಸ್ಸು, ಝೆರಾಕ್ಸು ಎಲ್ಲ ಸೇರಿ ನನ್ನ ಖರ್ಚು ನಾಲ್ಕು ಸಾವಿರದ ಮೇಲೆ ಸ್ವಲ್ಪ.

ಅಳತೆಯ ತಕರಾರನ್ನು ಅಂದು ಎತ್ತಲಿಲ್ಲ, ಹಿಂದಿನ ವರ್ಷಗಳಿಗೆ ಅದು ನಡೆಯುತ್ತಿರಲಿಲ್ಲ. ಹಾಳೆಯಲ್ಲಿ ನಮ್ಮ ಮನೆ 1,480 ಚದರಡಿ. ನಾನು ಚಿರೆಕಲ್ಲಿನ ಗೋಡೆಯಿಂದ ಗೋಡೆಗೆ ಟೇಪು ಹಿಡಿದರೆ 1,130. ಅಳೆದವರು ಬಂದದ್ದು ಜುಲೈಯಲ್ಲಿರಬೇಕು. ಮಳೆಗೆ ಜಗಲಿಯ ಸುತ್ತ ತೆಂಗಿನ ಮಡಲಿನ ತಟ್ಟಿ ಕಟ್ಟಿದ್ದನ್ನು ಕೋಣೆ ಎಂದು ಹಿಡಿದು, ಸೂರಿನಿಂದ ಸೂರಿಗೆ ಅಳೆದಿದ್ದರು. 2021ರ ಮೇನಲ್ಲಿ ತೌಕ್ತೆ ಚಂಡಮಾರುತಕ್ಕೆ ಮಾಡು ಹಾರಿಹೋದ ಕೊಟ್ಟಿಗೆಯೂ ಲೆಕ್ಕದಲ್ಲಿತ್ತು. ತಟ್ಟಿ ಕಟ್ಟುವ ಮೊದಲೇ ಬನ್ನಿ ಎಂದು ಮೇ ಮೊದಲ ವಾರ ಅರ್ಜಿ ಕೊಟ್ಟೆ, ಬಂದರು, ಬರಿ ಜಗಲಿಯನ್ನು ಕಣ್ಣಾರೆ ನೋಡಿ ಅಳೆದುಕೊಂಡು ಹೋದರು. ಈಗ ವರ್ಷಕ್ಕೆ 2,050ರ ಹತ್ತಿರ ಬರುತ್ತದೆ. ಏಪ್ರಿಲ್‌ನಲ್ಲಿ ಅಕ್ಕೋರದು, ನಮ್ಮದು ಎರಡೂ ಒಟ್ಟಿಗೆ ನಾನೇ ಕಟ್ಟುತ್ತೇನೆ. ರಸೀದಿ ಬಂದ ಕೂಡಲೇ ಅವರು ನಂಬರನ್ನು ಗಟ್ಟಿಯಾಗಿ ಓದಿಸಿ, ಮೂಲೆಯಲ್ಲಿ ಕೆಂಪು ಗುರುತು ಹಾಕಿ ಫೈಲಿಗೆ ಸೇರಿಸುತ್ತಾರೆ.