ಸಾಲ ತಂದರೆ ತಿರುಗಿ ಕೊಡಬೇಕಲ್ಲ?

ಶಿರಸಿ ಕಡೆಯ ಒಂದು ಸಣ್ಣ ಸರ್ಕಾರಿ ಶಾಲೆಯಲ್ಲಿ ನಾನು ಮಾಸ್ತರು. 17 ವರ್ಷದಲ್ಲಿ ಎಷ್ಟು ತರಬೇತಿಗೆ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಹಾಜರಿ ಸಹಿ, ಗುಂಪು ಚಟುವಟಿಕೆ, ಡ್ರಾಯಿಂಗ್ ಶೀಟು, ಮಧ್ಯಾಹ್ನದ ಊಟ. ಅಲ್ಲಿ ಹೇಳಿದ್ದೇನೂ ಸುಳ್ಳಲ್ಲ. ಆದರೆ ಸೋಮವಾರ ತರಗತಿಗೆ ಬಂದರೆ ಮತ್ತೆ ಅದೇ ನಾನು, ಅದೇ ಕಪ್ಪು ಹಲಗೆ.

ನಾಲ್ಕನೇ ತರಗತಿಗೆ ಬಂದರೂ 52ರಲ್ಲಿ 27 ಕಳೆಯಿರಿ ಎಂದರೆ 14 ಮಕ್ಕಳಲ್ಲಿ 9 ಮಂದಿ 35 ಬರೆಯುತ್ತಿದ್ದರು. ಎರಡರಲ್ಲಿ ಏಳು ಹೋಗುವುದಿಲ್ಲ, ಏಳರಲ್ಲೇ ಎರಡು ಕಳೆದುಬಿಡುವುದು! ನಾನು ಇನ್ನಷ್ಟು ಜೋರಾಗಿ, ‘ಪಕ್ಕದ ಮನೆಯಿಂದ ಸಾಲ ತಗೊಳ್ಳಿ’ ಎನ್ನುತ್ತಿದ್ದೆ.

ಸುತ್ತಲಿನ ಶಾಲೆಗಳೆಲ್ಲ ಸೇರಿದ ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಇದನ್ನು ಹೇಳಿಕೊಂಡೆ. ಪಕ್ಕದೂರಿನ ಶಾಲೆಯ ಅಕ್ಕೋರು, ‘ನಿಮ್ಮ ಕ್ಲಾಸಲ್ಲಿ ಬಂದು ಕೂತ್ಕೊಳ್ಳಲಾ ಮಾಸ್ತರೇ?’ ಎಂದರು. ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಒಪ್ಪಿದರು. ನನಗೆ ಒಳಗೊಳಗೇ ಮುಜುಗರ.

ಅವರು ನನ್ನನ್ನು ನೋಡಲೇ ಇಲ್ಲ. ಮಕ್ಕಳ ನಡುವೆ ಕೂತು, ಅವರು ಆಡಿದ್ದನ್ನೂ ಬರೆದದ್ದನ್ನೂ ಗುರುತು ಹಾಕಿಕೊಂಡರು. ನಾನು ‘ಅರ್ಥ ಆಯ್ತಾ?’ ಎಂದು 19 ಸಲ ಕೇಳಿದ್ದೆನಂತೆ. ಅದಿರಲಿ. ಒಬ್ಬ ಹುಡುಗ ಗೆಳೆಯನ ಕಿವಿಯಲ್ಲಿ, ‘ಸಾಲ ತಂದರೆ ತಿರುಗಿ ಕೊಡಬೇಕಲ್ಲ?’ ಎಂದಿದ್ದ. ಅವನ ಪಟ್ಟಿ ಪುಸ್ತಕ ನೋಡಿದೆವು. ಉತ್ತರ 35, ದಾರಿ ಬೇರೆ. 12ರಲ್ಲಿ 7 ಹೋಗಿ 5, ಸರಿ. ಆಮೇಲೆ ಸಾಲ ತೀರಿಸಿ, 5ರಲ್ಲಿ 2 ಕಳೆದು 3! ಮನೆಯಲ್ಲಿ ದಿನಾ ಸೊಸೈಟಿ ಸಾಲದ ಮಾತು ಕೇಳುವ ಹುಡುಗ. ತಪ್ಪು ನನ್ನ ಮಾತಿನದು.

‘ಸಾಲ’ ಬಿಟ್ಟೆವು. ತೆಂಗಿನ ಗರಿಯ ಕಡ್ಡಿ ತುಂಡು ಮಾಡಿ, ಹತ್ತತ್ತರ ಕಟ್ಟು ಬಾಳೆನಾರಿನಲ್ಲಿ ಕಟ್ಟಿಸಿದೆವು. ಬಿಡಿ ಕಡ್ಡಿ ಸಾಲದಿದ್ದರೆ ಒಂದು ಕಟ್ಟು ಬಿಚ್ಚು, ಅಷ್ಟೇ. ಅದೇ ಪಾಠವನ್ನು ಅಕ್ಕೋರು ತಮ್ಮ ಶಾಲೆಯಲ್ಲಿ ಮಾಡಿದಾಗ ನಾನು ಹೋಗಿ ಕೂತೆ. ಅವರು ಕಟ್ಟು ಬಿಚ್ಚಿದ ಕೂಡಲೇ ಪಟ್ಟಿಯಲ್ಲೂ ಬರೆಸುತ್ತಿದ್ದರು. ನನಗದು ಹೊಳೆದೇ ಇರಲಿಲ್ಲ. ಹೀಗೆ ತಿಂಗಳಿಗೆ ಎರಡು ಸಲ, ನಾಲ್ಕು ತಿಂಗಳು.

ಅಮೆರಿಕದಲ್ಲಿ 2007ರಲ್ಲಿ 9 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವರದಿಯೊಂದಿದೆ. ಶಿಕ್ಷಕರ ತರಬೇತಿ 14 ತಾಸು ಮೀರದ ಕಡೆ ಮಕ್ಕಳ ಕಲಿಕೆಯಲ್ಲಿ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲವಂತೆ. ನಮ್ಮ 2020ರ ಶಿಕ್ಷಣ ನೀತಿ ವರ್ಷಕ್ಕೆ 50 ತಾಸು ಎನ್ನುತ್ತದೆ. ನನ್ನ ಕೇಳಿದರೆ, ಅದರಲ್ಲಿ ಅರ್ಧವಾದರೂ ಮಕ್ಕಳ ನಡುವೆ ಕೂತೇ ಆಗಲಿ.

ಈಗ 35 ಬರೆಯುವವರು ಮೂವರು. ಆದರೆ 402ರಲ್ಲಿ 157 ಕೊಟ್ಟರೆ ನಡುವಿನ ಸೊನ್ನೆಗೆ ಜಾಸ್ತಿ ಮಕ್ಕಳು ಮುಗ್ಗರಿಸುತ್ತಾರೆ. ಬಿಚ್ಚಲು ಅಲ್ಲಿ ಕಟ್ಟೇ ಇಲ್ಲ! ಬರುವ ವಾರ ಅಕ್ಕೋರು ಮತ್ತೆ ಬರುತ್ತಾರೆ.